ಲಿನಕ್ಸ್‌ಗೂ ಒಗ್ಗಬೇಕು, ಜೇಬಿಗೂ ಒಗ್ಗಬೇಕು

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕಿಕೊಳ್ಳೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇರಬೇಕು. ಇಂಟೆಲ್ ಪ್ರೊಸೆಸರ್ ಆದರೆ ಎಂಟನೇ ತಲೆಮಾರಿನದೋ ಅದಕ್ಕಿಂತ ಹೊಸದೋ ಆಗಿರಬೇಕು. ಹೀಗಾಗಿ ಚೆನ್ನಾಗಿಯೇ ನಡೆಯುತ್ತಿದ್ದ ಲೆಕ್ಕವಿಲ್ಲದಷ್ಟು ಕಂಪ್ಯೂಟರ್‌ಗಳು ಒಂದೇ ಏಟಿಗೆ ‘ಹಳೆಯವು’ ಎನಿಸಿಕೊಂಡವು. ಕಚೇರಿಗಳು ಅವನ್ನು ಹೊರಹಾಕುತ್ತಿವೆ. ಇನ್ನೊಂದೆಡೆ, ಕಾಲೇಜಿಗೆ ಹೋಗುವ ಮಕ್ಕಳಿರುವ ಮನೆಯವರು ಹೊಸ ಕಂಪ್ಯೂಟರಿನ ಬೆಲೆ ಕೇಳಿ ಹಿಂದೆ ಸರಿಯುತ್ತಿದ್ದಾರೆ.

ಇಂಥ ಮನೆಗಳಿಗೆ ಲಿನಕ್ಸ್ ಒಳ್ಳೆಯ ದಾರಿ. ಅದಕ್ಕೆ ಲೈಸೆನ್ಸ್ ಶುಲ್ಕವಿಲ್ಲ, ಹಳೆಯ ಯಂತ್ರವನ್ನು ಅದು ದೂರ ಇಡುವುದಿಲ್ಲ, ವರ್ಷಗಟ್ಟಲೆ ಅಪ್‌ಡೇಟ್ ಸಿಗುತ್ತದೆ. ಆದರೂ ‘ಲಿನಕ್ಸ್ ಹಾಕಿದೆ, ವೈ-ಫೈ ಬರಲಿಲ್ಲ’, ‘ಪ್ರಿಂಟರ್ ಕೆಲಸ ಮಾಡಲಿಲ್ಲ, ತೆಗೆದುಬಿಟ್ಟೆ’ ಎನ್ನುವವರು ಎಲ್ಲ ಊರಿನಲ್ಲೂ ಸಿಗುತ್ತಾರೆ. ಅವರ ಮಾತು ಸುಳ್ಳಲ್ಲ. ಅವರು ಮೊದಲು ಕಂಪ್ಯೂಟರ್ ಕೊಂಡು ಆಮೇಲೆ ಲಿನಕ್ಸ್ ಬಗ್ಗೆ ಯೋಚಿಸಿದರು. ಈ ಕ್ರಮವನ್ನು ತಿರುಗಿಸಬೇಕು. ಲಿನಕ್ಸ್ ಮನೆಗೆ ಬರುವುದೆಂದು ಮೊದಲೇ ಗೊತ್ತು ಮಾಡಿಕೊಂಡು, ಅದಕ್ಕೆ ಒಗ್ಗುವ ಬಿಡಿಭಾಗಗಳನ್ನೇ ಆರಿಸಿದರೆ ತೊಂದರೆಗಳಲ್ಲಿ ಬಹುಪಾಲು ಅಂಗಡಿಯಲ್ಲೇ ಕಳೆಯುತ್ತವೆ. ಮುಖ್ಯವಾಗಿ, ಹಾಗೆ ಆರಿಸಿದ್ದು ಅಗ್ಗವಾಗಿಯೂ ಇರುತ್ತದೆ.

ಡ್ರೈವರ್ ಎಲ್ಲಿದೆ ಎಂಬುದೇ ಮೊದಲ ಪ್ರಶ್ನೆ

1991ರ ಆಗಸ್ಟ್‌ನಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ತಾನು ಬರೆಯುತ್ತಿದ್ದ ಆಪರೇಟಿಂಗ್ ಸಿಸ್ಟಮ್ ಬಗ್ಗೆ ಮೊದಲ ಬಾರಿಗೆ ಬಹಿರಂಗವಾಗಿ ತಿಳಿಸಿದಾಗ, ಅದು ಎಟಿ ಮಾದರಿಯ ಹಾರ್ಡ್‌ಡಿಸ್ಕ್ ಬಿಟ್ಟು ಬೇರೇನನ್ನೂ ಬೆಂಬಲಿಸಲಿಕ್ಕಿಲ್ಲ, ತನ್ನ ಬಳಿ ಇರುವುದು ಅದೊಂದೇ ಎಂದು ಬರೆದಿದ್ದರು. ಲಿನಕ್ಸ್ ಹುಟ್ಟಿದ್ದೇ ಒಬ್ಬನ ಮೇಜಿನ ಮೇಲಿದ್ದ 386 ಯಂತ್ರಕ್ಕಾಗಿ. ಮುಂದೆ ಜಗತ್ತಿನಾದ್ಯಂತ ಸಾವಿರಾರು ಮಂದಿ, ಆಮೇಲೆ ಚಿಪ್ ಕಂಪನಿಗಳ ಎಂಜಿನಿಯರುಗಳೇ ಬಂದು ತಮ್ಮ ತಮ್ಮ ಯಂತ್ರಾಂಶವನ್ನು ನಡೆಸುವ ತಂತ್ರಾಂಶವನ್ನು, ಅಂದರೆ ಡ್ರೈವರ್‌ಗಳನ್ನು ಸೇರಿಸುತ್ತಾ ಹೋದರು.

ವಿಂಡೋಸ್‌ನಲ್ಲಿ ಡ್ರೈವರ್ ಬರೆಯುವುದು ಸಾಮಾನ್ಯವಾಗಿ ಸಾಧನ ತಯಾರಿಸಿದವರ ಕೆಲಸ. ಕಂಪನಿ ಆಸಕ್ತಿ ಕಳೆದುಕೊಂಡರೆ ಹೊಸ ಆವೃತ್ತಿಗೆ ಡ್ರೈವರ್ ಬರುವುದಿಲ್ಲ. ಲಿನಕ್ಸ್‌ನಲ್ಲಿ ಒಳ್ಳೆಯ ಡ್ರೈವರ್‌ಗಳು ಕರ್ನಲ್ ಎಂಬ ಅದರ ತಿರುಳಿನೊಳಗೇ ಇರುತ್ತವೆ. ಕರ್ನಲ್ ಬದಲಾದಾಗ ಅವೂ ಜೊತೆಗೇ ಬದಲಾಗುತ್ತವೆ. ಸಿ.ಡಿ. ಬೇಡ, ಡೌನ್‌ಲೋಡ್ ಬೇಡ. ಭಾಗವನ್ನು ಕೂರಿಸಿ ಸ್ವಿಚ್ ಒತ್ತಿದರೆ ಸಾಕು. ಡ್ರೈವರ್ ಕರ್ನಲ್‌ನ ಹೊರಗಿದ್ದರೆ ಮಾತ್ರ ಪ್ರತಿ ಅಪ್‌ಡೇಟ್ ಆದಾಗಲೂ ಅದು ಕೈಕೊಡುವ ಭಯ ಇದ್ದೇ ಇರುತ್ತದೆ.

ಇದರಿಂದ ಒಂದು ಸರಳ ಸೂತ್ರ ಹೊರಡುತ್ತದೆ: ಮಾರುಕಟ್ಟೆಗೆ ಬಂದು ಎರಡು ಮೂರು ವರ್ಷವಾದ, ಬಹಳ ಜನ ಬಳಸುತ್ತಿರುವ, ಸಾಧಾರಣ ಭಾಗವನ್ನೇ ಕೊಳ್ಳಿ. ನಿನ್ನೆ ಮೊನ್ನೆ ಬಿಡುಗಡೆಯಾದ ಬೋರ್ಡಿಗೆ ಬೇಕಾದ ಡ್ರೈವರ್ ಹೊಸ ಕರ್ನಲ್‌ನಲ್ಲಿ ಇರಬಹುದು. ನೀವು ಹಾಕಿಕೊಳ್ಳುವ ಲಿನಕ್ಸ್‌ನಲ್ಲಿ ಇನ್ನೂ ಬಂದಿರಲಿಕ್ಕಿಲ್ಲ. 2024ರ ಏಪ್ರಿಲ್‌ನಲ್ಲಿ ಬಂದ ಉಬುಂಟು 24.04 ಎಂಬ ಲಿನಕ್ಸ್ ಆವೃತ್ತಿ ಹೊರಟಿದ್ದು 6.8 ಕರ್ನಲ್ ಜೊತೆ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿರುವುದು 6.12. ಆ ಹೊತ್ತಿಗೆ ಹಳತಾಗಿ ಹದಕ್ಕೆ ಬಂದಿದ್ದ ಯಂತ್ರಾಂಶಕ್ಕೆ ಇವುಗಳಲ್ಲಿ ಎಲ್ಲವೂ ಸಿದ್ಧ. ಎರಡು ವರ್ಷ ಹಳೆಯ ಮಾದರಿಗೆ ಬೆಲೆಯೂ ಇಳಿದಿರುತ್ತದೆ. ಲಿನಕ್ಸ್ ಬಳಕೆದಾರನ ಅಗತ್ಯವೂ ಕಡಿಮೆ ದುಡ್ಡಿನವನ ಅಗತ್ಯವೂ ಹೀಗೆ ಒಂದೇ ಕಡೆ ಬಂದು ಸೇರುತ್ತವೆ.

ಪ್ರೊಸೆಸರ್: ಕೊನೆಯ ಅಕ್ಷರ ಓದಿ

ಮನೆಬಳಕೆ, ಓದು, ಪ್ರೋಗ್ರಾಮಿಂಗ್ ಕಲಿಕೆ, ಕಚೇರಿ ಕೆಲಸ, ಸಿನಿಮಾ, ಹಗುರವಾದ ಫೋಟೊ ಕೆಲಸ ಇವಿಷ್ಟಕ್ಕೆ ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಕಾಗಿಲ್ಲ. ಪ್ರೊಸೆಸರ್‌ನೊಳಗೇ ಗ್ರಾಫಿಕ್ಸ್ ಇದ್ದರೆ ಸಾಕು. ಕೊಟೇಶನ್ ಬರೆಸುವಾಗ ಇದನ್ನು ಮರೆಯಬಾರದು. ಇಂಟೆಲ್ ಕೋರ್ ಐ3-12100 ಮತ್ತು ಐ3-12100ಎಫ್ ನೋಡಲು ಒಂದೇ. ಎಫ್ ಅಕ್ಷರ ಇರುವುದು ಸ್ವಲ್ಪ ಅಗ್ಗ, ಏಕೆಂದರೆ ಅದರೊಳಗೆ ಗ್ರಾಫಿಕ್ಸ್ ಇಲ್ಲ. ಅದನ್ನು ಕೊಂಡರೆ ಮಾನಿಟರ್‌ನಲ್ಲಿ ಚಿತ್ರ ಬರಲಿಕ್ಕೆ ಕಾರ್ಡ್ ಕೊಳ್ಳಲೇಬೇಕು, ಉಳಿಸಿದ್ದಕ್ಕಿಂತ ಹೆಚ್ಚು ಖರ್ಚಾಗುತ್ತದೆ. ಎಎಂಡಿಯಲ್ಲಿ ಇದಕ್ಕೆ ವಿರುದ್ಧ ಗುರುತು: ರೈಜೆನ್ 5 5600ಜಿ ಎಂಬಲ್ಲಿ ಜಿ ಇದ್ದರೆ ಒಳಗೆ ಗ್ರಾಫಿಕ್ಸ್ ಇದೆ. ಬರೀ 5600 ಅಥವಾ 5500 ಎಂದಿದ್ದರೆ ಇಲ್ಲ.

5600ಜಿ, ಐ3-12100 ಇವೆರಡರಲ್ಲಿ ಯಾವುದು? 2021ರಲ್ಲಿ ಬಂದ 5600ಜಿಯಲ್ಲಿ ಆರು ಕೋರ್, ಹನ್ನೆರಡು ಥ್ರೆಡ್. ಕೋಡ್ ಕಂಪೈಲ್ ಮಾಡುವ, ಒಂದರೊಳಗೊಂದು ವರ್ಚುವಲ್ ಯಂತ್ರ ಓಡಿಸುವ ಎಂಜಿನಿಯರಿಂಗ್ ವಿದ್ಯಾರ್ಥಿಗೆ ಅದು ಹೇಳಿ ಮಾಡಿಸಿದ್ದು. ಅದರ ವೇಗಾ ಗ್ರಾಫಿಕ್ಸ್‌ಗೆ ಬೇಕಾದ ಡ್ರೈವರ್ ಕರ್ನಲ್‌ನಲ್ಲೇ ಇದೆ, ಫ್ಯಾನ್ ಕೂಡ ಬಾಕ್ಸ್‌ನಲ್ಲೇ ಬರುತ್ತದೆ. 2022ರ ಐ3-12100ರಲ್ಲಿ ನಾಲ್ಕು ಕೋರ್, ಎಂಟು ಥ್ರೆಡ್. ಒಂದೊಂದು ಕೋರ್ ಚುರುಕು. ಬ್ರೌಸರ್, ಲಿಬ್ರೆಆಫೀಸ್, ವಿಡಿಯೊ ನೋಡುವ ಮನೆಗೆ ಅದು ಧಾರಾಳ. ವಿಡಿಯೊ ವಿಚಾರದಲ್ಲಿ ಅದಕ್ಕೆ ಇನ್ನೊಂದು ಅನುಕೂಲವಿದೆ: ಈಚೆಗೆ ಹೆಚ್ಚುತ್ತಿರುವ ಎವಿ1 ಎಂಬ ವಿಡಿಯೊ ರೂಪವನ್ನು ಅದು ಯಂತ್ರಾಂಶದಲ್ಲೇ ಬಿಡಿಸುತ್ತದೆ, 5600ಜಿ ಬಿಡಿಸಲಾರದು. ಹಾಗೆಂದು 5600ಜಿಯಲ್ಲಿ ವಿಡಿಯೊ ನಿಲ್ಲುವುದಿಲ್ಲ; ಆ ಕೆಲಸವನ್ನು ಕೋರ್‌ಗಳೇ ಮಾಡಬೇಕಾಗುತ್ತದೆ, ಅಷ್ಟೇ.

ಬೋರ್ಡ್ ಆರಿಸುವಾಗ ಅಗ್ಗದ್ದೇ ಸಾಕು: 5600ಜಿಗೆ ಎ520 ಅಥವಾ ಬಿ450, ಐ3ಗೆ ಎಚ್610. ಆದರೆ ಮೂರು ವಿಷಯ ನೋಡಿ. ರ‍್ಯಾಮ್‌ಗೆ ಎರಡು ಸ್ಲಾಟ್ ಇರಲಿ. ಎನ್‌ವಿಎಂಇ ಎಸ್‌ಎಸ್‌ಡಿ ಕೂರುವ ಎಂ.2 ಸ್ಲಾಟ್ ಇರಲಿ. ಲ್ಯಾನ್ ಪೋರ್ಟ್ ಸಾಧಾರಣ ಗಿಗಾಬಿಟ್ ರಿಯಲ್‌ಟೆಕ್ ಅಥವಾ ಇಂಟೆಲ್ ಆಗಿರಲಿ. ಇವೆರಡಕ್ಕೂ ಕರ್ನಲ್‌ನಲ್ಲಿ ಡ್ರೈವರ್ ಇದೆ. 5600ಜಿ ಕೂರುವ ಎಎಂ4 ಬೋರ್ಡ್‌ಗಳಲ್ಲಿ ಒಂದು ತೊಡಕಿದೆ. ಗೋದಾಮಿನಲ್ಲಿ ಬಹಳ ದಿನ ಕೂತ ಬಿ450 ಬೋರ್ಡಿನ ಬಯಾಸ್ ಹಳೆಯದಾಗಿದ್ದರೆ 5000 ಸರಣಿಯ ಪ್ರೊಸೆಸರ್ ಹಾಕಿದಾಗ ಪರದೆ ಕಪ್ಪಗೇ ಉಳಿಯುತ್ತದೆ. ಬಯಾಸ್ ಅಪ್‌ಡೇಟ್ ಮಾಡಿಸಿ, ಚಿತ್ರ ಬಂದದ್ದನ್ನು ಕಣ್ಣಾರೆ ಕಂಡು ಆಮೇಲೆ ದುಡ್ಡು ಕೊಡಿ.

ಗ್ರಾಫಿಕ್ಸ್ ಕಾರ್ಡ್ ಯಾರಿಗೆ ಬೇಕು

ಕಡಿಮೆ ಬಜೆಟ್‌ನವರು ಅತಿ ಸುಲಭವಾಗಿ ದುಡ್ಡು ಕಳೆದುಕೊಳ್ಳುವ ಜಾಗ ಇದು. ‘2 ಜಿಬಿ ಗ್ರಾಫಿಕ್ಸ್ ಕಾರ್ಡ್ ಸೇರಿದೆ’ ಎಂದು ಹೇಳಿ ಮಾರುವ ಅಸೆಂಬಲ್ಡ್ ಕಂಪ್ಯೂಟರ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಎನ್‌ವಿಡಿಯಾದ ಜಿಟಿ 710 ಅಥವಾ ಜಿಟಿ 730. ಹತ್ತು ವರ್ಷಕ್ಕೂ ಹಿಂದಿನ ವಿನ್ಯಾಸದ ಈ ಕಾರ್ಡ್‌ಗಳನ್ನು ಎನ್‌ವಿಡಿಯಾದ ಈಗಿನ ಲಿನಕ್ಸ್ ಡ್ರೈವರ್ ಬೆಂಬಲಿಸುವುದಿಲ್ಲ. ಅವಕ್ಕಿದ್ದ ಹಳೆಯ ಡ್ರೈವರ್‌ಗೂ ಅಪ್‌ಡೇಟ್ ನಿಂತಿದೆ. 5600ಜಿಯೊಳಗಿನ ಗ್ರಾಫಿಕ್ಸೇ ಅವುಗಳಿಗಿಂತ ಮೇಲು. ಆ ಕಾರ್ಡ್ ತೆಗೆಸಿ ಆ ದುಡ್ಡನ್ನು ರ‍್ಯಾಮ್‌ಗೆ ಹಾಕಿಸಿ.

ಆಟ ಆಡುವವರಿಗೆ ನಿಜವಾಗಿಯೂ ಕಾರ್ಡ್ ಬೇಕು. ಅಂಥವರು ಎಎಂಡಿ ರೇಡಿಯಾನ್ ನೋಡಿ. 2021ರಲ್ಲಿ ಬಂದ ಆರ್‌ಎಕ್ಸ್ 6600ರಂಥ ಕಾರ್ಡಿಗೆ ಪ್ರತ್ಯೇಕ ಡ್ರೈವರ್ ಹುಡುಕಬೇಕಾಗಿಲ್ಲ, ಮುಕ್ತ ಡ್ರೈವರ್ ಕರ್ನಲ್‌ನಲ್ಲೇ ಇದೆ. ವಾಲ್ವ್ ಕಂಪನಿ 2018ರಲ್ಲಿ ತಂದ ಪ್ರೋಟಾನ್ ತಂತ್ರಾಂಶದಿಂದಾಗಿ ವಿಂಡೋಸ್‌ಗಾಗಿ ಮಾಡಿದ ಆಟಗಳಲ್ಲಿ ಬಹಳಷ್ಟು ಇಂದು ಲಿನಕ್ಸ್‌ನಲ್ಲಿ ನಡೆಯುತ್ತವೆ. ಅದೇ ಕಂಪನಿಯ ಸ್ಟೀಮ್ ಡೆಕ್ ಎಂಬ ಕೈಯಲ್ಲಿ ಹಿಡಿಯುವ ಯಂತ್ರ ನಡೆಯುವುದೂ ಲಿನಕ್ಸ್ ಮತ್ತು ಎಎಂಡಿ ಗ್ರಾಫಿಕ್ಸ್‌ನಿಂದಲೇ. ಮಷಿನ್ ಲರ್ನಿಂಗ್ ಕಲಿಯುವವರಿಗೆ ಎನ್‌ವಿಡಿಯಾದ ಕುಡಾ ತಂತ್ರಾಂಶ ಬೇಕಾದರೆ ಆ ಕಂಪನಿಯ ಕಾರ್ಡೇ ಅನಿವಾರ್ಯ. ಆಗ ಹೊಸ ತಲೆಮಾರಿನ ಕಾರ್ಡ್‌ ಕೊಳ್ಳಿ. ಟ್ಯೂರಿಂಗ್ ತಲೆಮಾರಿನಿಂದ ಈಚಿನವುಗಳಿಗೆ ಎನ್‌ವಿಡಿಯಾ 2022ರಲ್ಲಿ ತನ್ನ ಕರ್ನಲ್ ಮಾಡ್ಯೂಲ್‌ಗಳನ್ನು ಮುಕ್ತವಾಗಿಸಿದ ಮೇಲೆ ಪರಿಸ್ಥಿತಿ ಸುಧಾರಿಸಿದೆ.

ನೂರು ರೂಪಾಯಿಯ ಲೆಕ್ಕ

ಬಿಡಿಭಾಗಗಳ ಬೆಲೆ ಈಗ ವಾರವಾರಕ್ಕೂ ಏರಿಳಿಯುತ್ತಿದೆ. ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದಾಗಿ 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ಒಮ್ಮೆಗೇ ಏರಿತು. ಮೈಕ್ರಾನ್ ಕಂಪನಿಯಂತೂ ತನ್ನ ಕ್ರೂಶಿಯಲ್ ಹೆಸರಿನ ಗ್ರಾಹಕ ವ್ಯವಹಾರದಿಂದಲೇ ಹೊರಬರುವುದಾಗಿ ಆ ಡಿಸೆಂಬರ್‌ನಲ್ಲಿ ಘೋಷಿಸಿತು. ಆದ್ದರಿಂದ ರೂಪಾಯಿಗಿಂತ ಪಾಲು ಹೇಳುವುದು ಮೇಲು. ಮಾನಿಟರ್, ಕೀಬೋರ್ಡ್ ಬಿಟ್ಟು ಪೆಟ್ಟಿಗೆಗೆ ನೂರು ರೂಪಾಯಿ ಇಟ್ಟುಕೊಂಡರೆ ಪ್ರೊಸೆಸರ್‌ಗೆ 28, ಬೋರ್ಡಿಗೆ 20, ರ‍್ಯಾಮ್‌ಗೆ 20, ಎಸ್‌ಎಸ್‌ಡಿಗೆ 14, ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್‌ಗೆ 11, ಕ್ಯಾಬಿನೆಟ್‌ಗೆ 7. ಇದು ನಾನು ಕೇಳಿದವರಿಗೆಲ್ಲ ಹೇಳುವ ಹಂಚಿಕೆ. ಒಂದೆರಡು ರೂಪಾಯಿ ಆಚೀಚೆ ಆಗಲಿ, ಆದರೆ ಎಸ್‌ಎಂಪಿಎಸ್‌ನ ಪಾಲಿನಿಂದ ತೆಗೆದು ಬಣ್ಣದ ದೀಪದ ಕ್ಯಾಬಿನೆಟ್‌ಗೆ ಮಾತ್ರ ಹಾಕಬೇಡಿ.

ರ‍್ಯಾಮ್ 8 ಜಿಬಿ ಇದ್ದರೆ ಕೆಲಸ ನಡೆಯುತ್ತದೆ, 16 ಜಿಬಿ ಇದ್ದರೆ ಮುಂದಿನ ವರ್ಷಗಳ ಚಿಂತೆ ಇಲ್ಲ. ಲಿನಕ್ಸ್‌ಗೆ ಕಡಿಮೆ ಮೆಮೊರಿ ಸಾಕು ಎಂಬುದು ಅರ್ಧ ಸತ್ಯ. ಸಿಸ್ಟಮ್ ಕಡಿಮೆ ತಿನ್ನುತ್ತದೆ, ಬ್ರೌಸರ್ ಮಾತ್ರ ಎಲ್ಲಿ ಹೋದರೂ ಅಷ್ಟೇ ತಿನ್ನುತ್ತದೆ. 5600ಜಿ ಕೊಂಡವರು ಒಂದೇ 16ರ ಬದಲು ಎರಡು 8 ಜಿಬಿ ಕಡ್ಡಿ ಹಾಕಿಸಬೇಕು. ಅದರ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ಸಿಸ್ಟಮ್ ರ‍್ಯಾಮನ್ನೇ ಹಂಚಿಕೊಳ್ಳುತ್ತದೆ. ಎರಡು ಕಡ್ಡಿ ಇದ್ದಾಗ ದಾರಿ ಅಗಲವಾಗಿ ಗ್ರಾಫಿಕ್ಸ್ ವೇಗ ಕಣ್ಣಿಗೆ ಕಾಣುವಷ್ಟು ಹೆಚ್ಚುತ್ತದೆ. ದುಡ್ಡು ಸಾಲದಿದ್ದರೆ ಈಗ ಒಂದು 8 ಹಾಕಿ, ಇನ್ನೊಂದು ಸ್ಲಾಟ್ ಖಾಲಿ ಬಿಡಿ. ಬೆಲೆ ಇಳಿದಾಗ ಅದೇ ವೇಗದ ಇನ್ನೊಂದನ್ನು ಸೇರಿಸಬಹುದು.

ಎಸ್‌ಎಸ್‌ಡಿ ಇಲ್ಲದ ಕಂಪ್ಯೂಟರ್ ಇಂದು ಬೇಡವೇ ಬೇಡ. ಹಾರ್ಡ್‌ಡಿಸ್ಕ್ ಸೆಕೆಂಡಿಗೆ ಸುಮಾರು 150 ಎಂಬಿ ಓದಿದರೆ ಸಾಟಾ ಎಸ್‌ಎಸ್‌ಡಿ 550ರ ಹತ್ತಿರ ಓದುತ್ತದೆ. ಎನ್‌ವಿಎಂಇ ಅದಕ್ಕಿಂತ ಹಲವು ಪಟ್ಟು. ಆದರೆ ನಿತ್ಯದ ಬಳಕೆಯಲ್ಲಿ ದೊಡ್ಡ ವ್ಯತ್ಯಾಸ ಕಾಣುವುದು ಹಾರ್ಡ್‌ಡಿಸ್ಕಿನಿಂದ ಎಸ್‌ಎಸ್‌ಡಿಗೆ ಬಂದಾಗ. ಸಾಟಾದಿಂದ ಎನ್‌ವಿಎಂಇಗೆ ಹೋದಾಗ ಅಷ್ಟು ಅನ್ನಿಸುವುದಿಲ್ಲ. 500 ಜಿಬಿಯ ಸಾಧಾರಣ ಎನ್‌ವಿಎಂಇ ಸಾಕು. ಬಜೆಟ್ ಬಿಗಿಯಾದರೆ 256 ಜಿಬಿಯಲ್ಲೂ ಲಿನಕ್ಸ್ ಆರಾಮಾಗಿ ಇರುತ್ತದೆ. ಕೇಳಿರದ ಹೆಸರಿನ ಎಸ್‌ಎಸ್‌ಡಿಗಿಂತ ಮೂರು ಅಥವಾ ಐದು ವರ್ಷದ ವಾರಂಟಿ ಕೊಡುವ ಪರಿಚಿತ ಕಂಪನಿಯದನ್ನು ಆರಿಸಿ, ಏಕೆಂದರೆ ಇಡೀ ಪೆಟ್ಟಿಗೆಯಲ್ಲಿ ದುಡ್ಡು ಕೊಟ್ಟು ಮತ್ತೆ ತರಲಾಗದ ವಸ್ತು ಎಂದರೆ ಅದರಲ್ಲಿರುವ ನಿಮ್ಮ ಫೈಲ್‌ಗಳು.

ಇನ್ನು ಎಸ್‌ಎಂಪಿಎಸ್. 5600ಜಿ ಇರುವ, ಬೇರೆ ಕಾರ್ಡ್ ಇಲ್ಲದ ಕಂಪ್ಯೂಟರ್ ಎಷ್ಟೇ ದುಡಿದರೂ 150 ವ್ಯಾಟ್ ಮುಟ್ಟುವುದು ಕಷ್ಟ. ಹಾಗಿದ್ದರೆ ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವ ‘450 ವ್ಯಾಟ್’ನದು ಸಾಕಲ್ಲ ಎನ್ನಬಹುದು. ಸಾಲದು. ಪ್ರಶ್ನೆ ವ್ಯಾಟ್‌ನದಲ್ಲ, ಸ್ಥಿರತೆಯದು. ಮಲೆನಾಡಿನಲ್ಲಿ ಮಳೆಗಾಲ ಹಿಡಿದರೆ, ಬಯಲುಸೀಮೆಯಲ್ಲಿ ಪಂಪ್‌ಸೆಟ್‌ಗಳು ಒಟ್ಟಿಗೆ ಶುರುವಾದರೆ ವೋಲ್ಟೇಜ್ ಹೇಗೆ ಕುಣಿಯುತ್ತದೆ ಎಂಬುದು ನಮಗೆಲ್ಲ ಗೊತ್ತು. ಕಳಪೆ ಎಸ್‌ಎಂಪಿಎಸ್ ಸುಡುವಾಗ ಬೋರ್ಡನ್ನೂ ಎಸ್‌ಎಸ್‌ಡಿಯನ್ನೂ ಜೊತೆಗೆ ಕರೆದೊಯ್ಯಬಲ್ಲದು. 80 ಪ್ಲಸ್ ಬ್ರಾಂಝ್ ಗುರುತಿನ, ಹೆಸರಾಂತ ಕಂಪನಿಯ 400–450 ವ್ಯಾಟ್‌ನದನ್ನು ಕೊಳ್ಳಿ. ಗೋಡೆಯ ಸಾಕೆಟ್‌ಗೆ ಅರ್ತಿಂಗ್ ಸರಿಯಾಗಿದೆಯೇ ಎಂದು ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಕರೆಂಟ್ ಪದೇಪದೇ ಹೋಗುವ ಊರಾದರೆ 600 ವಿಎ ಯುಪಿಎಸ್ ಕೂಡ ಈ ಲೆಕ್ಕದೊಳಗೇ ಬರಬೇಕು.

ವೈ-ಫೈ ಮತ್ತು ಪ್ರಿಂಟರ್: ಇಲ್ಲೇ ಎಡವುವುದು

ಸಾಧ್ಯವಿದ್ದರೆ ರೌಟರ್‌ನಿಂದ ಲ್ಯಾನ್ ಕೇಬಲ್ ಎಳೆಸಿ. ಅದಕ್ಕಿಂತ ಅಗ್ಗದ, ಗಟ್ಟಿಯಾದ ಉಪಾಯವಿಲ್ಲ. ವೈ-ಫೈಯೇ ಬೇಕೆಂದರೆ ಇಂಟೆಲ್‌ನ ಎಎಕ್ಸ್200 ಅಥವಾ ಎಎಕ್ಸ್210 ಚಿಪ್ ಇರುವ ಪಿಸಿಐಇ ಕಾರ್ಡ್ ಕೇಳಿ. ಕರ್ನಲ್‌ನಲ್ಲಿ ಡ್ರೈವರ್ ಇದೆ, ಬ್ಲೂಟೂತ್ ಕೂಡ ಜೊತೆಗೆ ಬರುತ್ತದೆ. ಬೋರ್ಡಿನಲ್ಲೇ ವೈ-ಫೈ ಇದ್ದರೆ ಅದರ ಚಿಪ್ ಯಾವುದೆಂದು ಮೊದಲೇ ತಿಳಿದುಕೊಳ್ಳಿ.

ಹೆಬ್ಬೆರಳಿನ ಉಗುರಿನಷ್ಟಿರುವ ಯುಎಸ್‌ಬಿ ಡಾಂಗಲ್‌ಗಳ ವಿಷಯದಲ್ಲಿ ಬಾಕ್ಸ್ ಮೇಲಿನ ಹೆಸರನ್ನು ನಂಬುವಂತಿಲ್ಲ. ಟಿಪಿ-ಲಿಂಕ್‌ನ ಟಿಎಲ್-ಡಬ್ಲ್ಯುಎನ್722ಎನ್ ಎಂಬ ಮಾದರಿಯನ್ನೇ ನೋಡಿ. ಅದರ ಮೊದಲ ಆವೃತ್ತಿಯಲ್ಲಿ ಅಥೆರಾಸ್ ಚಿಪ್ ಇತ್ತು. ಲಿನಕ್ಸ್‌ನಲ್ಲಿ ಹಾಕಿದ ಕೂಡಲೇ ನಡೆಯುತ್ತಿದ್ದುದರಿಂದ ಅದು ಹೆಸರುವಾಸಿಯಾಯಿತು. ಎರಡನೇ ಆವೃತ್ತಿಯಿಂದ ಒಳಗಿನ ಚಿಪ್ ರಿಯಲ್‌ಟೆಕ್‌ನದಾಯಿತು. ಹೊರಗಿನ ಹೆಸರು ಬದಲಾಗಲಿಲ್ಲ. ಹಳೆಯ ಶಿಫಾರಸು ಓದಿ ಹೊಸದನ್ನು ಕೊಂಡವರು ಡ್ರೈವರ್‌ಗಾಗಿ ಒದ್ದಾಡಿದರು. ಬಾಕ್ಸ್ ಹಿಂದಿನ ಚಿಕ್ಕ ಅಕ್ಷರದ ಆವೃತ್ತಿ ಸಂಖ್ಯೆಯನ್ನು ಓದಬೇಕು ಎನ್ನುವುದು ಇದಕ್ಕೇ. ಒಂದು ಆಪತ್ಕಾಲದ ಉಪಾಯವೂ ತಿಳಿದಿರಲಿ: ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿ ಟೆದರಿಂಗ್ ಆನ್ ಮಾಡಿದರೆ ಲಿನಕ್ಸ್ ಅದನ್ನು ಲ್ಯಾನ್ ಸಂಪರ್ಕದಂತೆಯೇ ಗುರುತಿಸುತ್ತದೆ. ಬೇಕಾದ ಡ್ರೈವರನ್ನು ಇಳಿಸಿಕೊಳ್ಳಲು ಅಷ್ಟು ಸಾಕು.

ಪ್ರಿಂಟರ್ ಹೊಸದಾಗಿ ಕೊಳ್ಳುವುದಾದರೆ ಬಾಕ್ಸ್ ಮೇಲೆ ಏರ್‌ಪ್ರಿಂಟ್ ಅಥವಾ ಮೋಪ್ರಿಯಾ ಗುರುತು ನೋಡಿ. ಅದಿದ್ದರೆ ಈಗಿನ ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಡ್ರೈವರ್ ಇಲ್ಲದೆಯೇ ಪ್ರಿಂಟ್ ಬರುತ್ತದೆ. ಎಚ್‌ಪಿ ಕಂಪನಿಯ ಎಚ್‌ಪಿಲಿಪ್ ತಂತ್ರಾಂಶ ಅದರ ನೂರಾರು ಮಾದರಿಗಳಿಗೆ ಹಲವು ವರ್ಷಗಳಿಂದ ಕೆಲಸ ಮಾಡುತ್ತಿದೆ. ಆದರೆ ನಮ್ಮ ಕಚೇರಿ, ಜೆರಾಕ್ಸ್ ಅಂಗಡಿಗಳಲ್ಲಿ ಇಂದಿಗೂ ದುಡಿಯುತ್ತಿರುವ ಕೆನಾನ್ ಎಲ್‌ಬಿಪಿ2900ರಂಥ ಲೇಸರ್ ಪ್ರಿಂಟರ್‌ಗಳು ತಮ್ಮದೇ ವಿಶೇಷ ಭಾಷೆಯಲ್ಲಿ ಮಾತಾಡುತ್ತವೆ. ಲಿನಕ್ಸ್‌ನಲ್ಲಿ ಅವನ್ನು ಹೊಂದಿಸಲು ತಾಳ್ಮೆ ಬೇಕು. ಅಂಥ ಪ್ರಿಂಟರ್ ಈಗಾಗಲೇ ಇದ್ದರೆ ಲಿನಕ್ಸ್ ಬಲ್ಲವರೊಬ್ಬರ ಸಹಾಯ ಹುಡುಕಿಟ್ಟುಕೊಂಡು ಮುಂದುವರಿಯಿರಿ.

ಪೆನ್‌ಡ್ರೈವ್ ಹಿಡಿದು ಎಸ್.ಪಿ. ರಸ್ತೆಗೆ

ಹೊಸ ಭಾಗಗಳನ್ನು ಜೋಡಿಸುವುದಕ್ಕಿಂತ ಅಗ್ಗದ ದಾರಿಯೊಂದಿದೆ, ಲಿನಕ್ಸ್‌ಗೆ ಅದು ಇನ್ನೂ ಚೆನ್ನಾಗಿ ಹೊಂದುತ್ತದೆ. ಕಂಪನಿಗಳು ಕೆಲವು ವರ್ಷ ಬಳಸಿ ಬಿಟ್ಟ ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೈಟ್‌ಡೆಸ್ಕ್, ಲೆನೊವೊ ಥಿಂಕ್‌ಸೆಂಟರ್‌ಗಳು ರೀಫರ್ಬಿಷ್ಡ್ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬರುತ್ತವೆ. ಐಟಿ ಕಂಪನಿಗಳ ಊರಾದ ಬೆಂಗಳೂರಿನಲ್ಲಿ ಇವಕ್ಕೆ ಬರವಿಲ್ಲ. ಅಲ್ಲಿನ ಎಸ್.ಪಿ. ರಸ್ತೆಯ ಮಹಡಿ ಮೇಲಿನ ಅಂಗಡಿಗಳಲ್ಲಿ ಒಂದರ ಮೇಲೊಂದು ಪೇರಿಸಿಟ್ಟ ಇವು ಯಾವ ದಿನ ಹೋದರೂ ಕಾಣುತ್ತವೆ.

ಆರನೇ, ಏಳನೇ ತಲೆಮಾರಿನ ಐ5 ಇರುವ ಯಂತ್ರಗಳನ್ನು ವಿಂಡೋಸ್ 11 ಒಪ್ಪದ ಕಾರಣ ಅವುಗಳ ಬೆಲೆ ಕುಸಿದಿದೆ. ಲಿನಕ್ಸ್‌ಗೆ ಅವು ಇಂದಿಗೂ ಯೋಗ್ಯ. ಎರಡರಲ್ಲಿ ಏಳನೆಯದನ್ನೇ ಆರಿಸಿ: ಯೂಟ್ಯೂಬ್ ಬಳಸುವ ವಿಪಿ9 ವಿಡಿಯೊವನ್ನು ಅದು ಪೂರ್ತಿಯಾಗಿ ಯಂತ್ರಾಂಶದಲ್ಲೇ ಬಿಡಿಸುತ್ತದೆ. ಸ್ವಲ್ಪ ಹೆಚ್ಚು ಕೊಡಬಲ್ಲಿರಾದರೆ ಆರು ಕೋರ್‌ನ ಐ5-8500. ನಾಲ್ಕನೇ ತಲೆಮಾರಿನದು ಬೇಡ. ಅದು ಡಿಡಿಆರ್3 ಕಾಲದ್ದು, ಮುಂದೆ ರ‍್ಯಾಮ್ ಸೇರಿಸಲು ಹೊರಟರೆ ಹುಡುಕಾಟವಾಗುತ್ತದೆ.

ಹೋಗುವ ಮೊದಲು ಮನೆಯಲ್ಲೇ 8 ಜಿಬಿ ಪೆನ್‌ಡ್ರೈವ್‌ಗೆ ಲಿನಕ್ಸ್ ಮಿಂಟ್ ಬರೆದಿಟ್ಟುಕೊಳ್ಳಿ. ಅದರಿಂದ, ಕಂಪ್ಯೂಟರ್‌ಗೆ ಏನನ್ನೂ ಇನ್‌ಸ್ಟಾಲ್ ಮಾಡದೆ, ಇಡೀ ಸಿಸ್ಟಮನ್ನು ಓಡಿಸಿ ನೋಡಬಹುದು. ಅಂಗಡಿಯವರು ‘ವಿಂಡೋಸ್ ಫ್ರೀಯಾಗಿ ಹಾಕ್ಕೊಡ್ತೀವಿ ಸಾರ್’ ಎಂದರೆ ಬೇಡವೆನ್ನಿ. ಕಳ್ಳ ಪ್ರತಿ ಹಾಕಿದ ಯಂತ್ರದಲ್ಲಿ ಜೊತೆಗೇ ಏನು ಬಂದಿದೆ ಎಂದು ಯಾರೂ ಹೇಳಲಾರರು. ‘ಇದರಿಂದ ಬೂಟ್ ಮಾಡಿ ನೋಡ್ತೀನಿ’ ಎಂದು ಪೆನ್‌ಡ್ರೈವ್ ಕೊಡಿ. ಆನ್ ಮಾಡಿದ ಕೂಡಲೇ ಡೆಲ್‌ನಲ್ಲಿ, ಲೆನೊವೊದಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9 ಒತ್ತಿದರೆ ಬೂಟ್ ಮೆನು ಬರುತ್ತದೆ. ಅಲ್ಲೇ ಪಾಸ್‌ವರ್ಡ್ ಕೇಳಿತೋ, ಆ ಯಂತ್ರವನ್ನು ಕೆಳಗಿಡಿ. ಹಿಂದಿನ ಕಂಪನಿಯ ಬಯಾಸ್ ಲಾಕ್ ಇನ್ನೂ ತೆಗೆದಿಲ್ಲ ಎಂದರ್ಥ.

ಮಿಂಟ್ ಪರದೆ ಬಂದ ಮೇಲೆ ಒಂದು ಹಾಡು ಹಾಕಿ ಮುಂದಿನ, ಹಿಂದಿನ ಎರಡೂ ಜ್ಯಾಕ್‌ನಲ್ಲಿ ಹೆಡ್‌ಫೋನ್ ಕೇಳಿ. ಇನ್ನೊಂದು ಪೆನ್‌ಡ್ರೈವನ್ನು ಒಂದೊಂದೇ ಯುಎಸ್‌ಬಿ ಪೋರ್ಟ್‌ಗೆ ಚುಚ್ಚಿ ನೋಡಿ. ಸಸ್ಪೆಂಡ್ ಮಾಡಿ ಮತ್ತೆ ಎಬ್ಬಿಸಿ. ಕಪ್ಪು ಪರದೆಯಲ್ಲೇ ಉಳಿಯದೆ ಎಲ್ಲವೂ ಇದ್ದಲ್ಲಿಗೇ ಬರಬೇಕು. ಮೆನುವಿನಲ್ಲಿ ಡಿಸ್ಕ್ಸ್ ತೆರೆದು ಎಸ್‌ಎಸ್‌ಡಿಯ ಸ್ಮಾರ್ಟ್ ಮಾಹಿತಿ ಓದಿ. ಅದು ಎಷ್ಟು ಗಂಟೆ ದುಡಿದಿದೆ, ಅದರ ಸ್ಥಿತಿ ಹೇಗಿದೆ ಎಂಬುದು ಅಲ್ಲಿ ಸ್ಪಷ್ಟವಾಗಿರುತ್ತದೆ. ಟರ್ಮಿನಲ್‌ನಲ್ಲಿ ಎಲ್‌ಎಸ್‌ಪಿಸಿಐ ಎಂಬ ಆದೇಶ ಕೊಟ್ಟರೆ ಒಳಗಿನ ಗ್ರಾಫಿಕ್ಸ್, ಲ್ಯಾನ್, ವೈ-ಫೈ ಚಿಪ್‌ಗಳ ಹೆಸರು ಸಾಲಾಗಿ ಬರುತ್ತವೆ; ಫೋಟೊ ತೆಗೆದಿಟ್ಟುಕೊಳ್ಳಿ. ಮನೆಗೆ ತಂದ ಮೇಲೆ ಮೆಮ್‌ಟೆಸ್ಟ್86+ ಎಂಬ ಉಚಿತ ಪರೀಕ್ಷೆಯನ್ನು ರಾತ್ರಿಯಿಡೀ ಓಡಲು ಬಿಟ್ಟರೆ ರ‍್ಯಾಮ್‌ನ ದೋಷ ಬಯಲಾಗುತ್ತದೆ, ಬದಲಾಯಿಸಿಕೊಳ್ಳಲು ಅಂಗಡಿಯವರು ಕೊಟ್ಟ ಅವಧಿಯೂ ಆಗ ಇನ್ನೂ ಇರುತ್ತದೆ.

ಈ ದಾರಿಗೂ ಮಿತಿಗಳಿವೆ. ಆಪ್ಟಿಪ್ಲೆಕ್ಸ್‌ನಂಥವುಗಳ ಎಸ್‌ಎಂಪಿಎಸ್ ಮತ್ತು ಬೋರ್ಡಿನ ಕನೆಕ್ಟರ್‌ಗಳು ಅವುಗಳದೇ ವಿಶೇಷ ಮಾದರಿಯವು, ಸುಟ್ಟರೆ ಮಾಮೂಲಿ ಎಸ್‌ಎಂಪಿಎಸ್ ಕೂರುವುದಿಲ್ಲ. ತೆಳ್ಳಗಿನ ಕ್ಯಾಬಿನೆಟ್‌ನಲ್ಲಿ ಗಿಡ್ಡ ಕಾರ್ಡ್ ಮಾತ್ರ ಹಿಡಿಸುತ್ತದೆ. ಬಿಲ್ ಇಲ್ಲದೆ, ಕನಿಷ್ಠ ಕೆಲವು ತಿಂಗಳ ಲಿಖಿತ ವಾರಂಟಿ ಇಲ್ಲದೆ ಕೊಳ್ಳಬೇಡಿ. ಕಂಪ್ಯೂಟರ್ ಮೇಲಿನ 18% ಜಿಎಸ್‌ಟಿ ಉಳಿಸಲು ‘ಬಿಲ್ ಬೇಡ ಬಿಡಿ’ ಎಂದವರಿಗೆ ಆಮೇಲೆ ಕೇಳುವ ಹಕ್ಕಿನ ಆಧಾರವೇ ಇರುವುದಿಲ್ಲ. ತಂದ ಮೇಲೆ ಒಳಗಿನ ಸಿಆರ್2032 ಸೆಲ್ ಬದಲಿಸಿ, ಪ್ರೊಸೆಸರ್ ಮೇಲಿನ ಒಣಗಿದ ಪೇಸ್ಟ್ ಒರೆಸಿ ಹೊಸದು ಹಚ್ಚಿಸಿ. ಖರ್ಚು ಸಣ್ಣದು, ಆಯಸ್ಸು ಬೆಳೆಯುತ್ತದೆ.

ಕನ್ನಡ, ಮತ್ತು ಯಾರಿಗೆ ಇದು ಬೇಡ

ಕನ್ನಡ ಟೈಪ್ ಮಾಡಲು ಏನನ್ನೂ ಕೊಳ್ಳಬೇಕಿಲ್ಲ. ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಭಾರತದ ಪಟ್ಟಿ ತೆರೆದರೆ ಕನ್ನಡದ ಇನ್‌ಸ್ಕ್ರಿಪ್ಟ್ ವಿನ್ಯಾಸವೂ ಇದೆ, ನಮ್ಮವರಿಗೆ ಕೈಗೂಡಿದ ಕಗಪ ವಿನ್ಯಾಸವೂ ಇದೆ. ಲೋಹಿತ್, ನೋಟೊ ಫಾಂಟ್‌ಗಳ ಜೊತೆಗೆ ಗುಬ್ಬಿ, ನವಿಲು ಎಂಬ ಮುಕ್ತ ಕನ್ನಡ ಫಾಂಟ್‌ಗಳು ಡೆಬಿಯನ್, ಉಬುಂಟು ಭಂಡಾರದಲ್ಲೇ ಸಿಗುತ್ತವೆ. ಯಾವ ಕೀಬೋರ್ಡ್ ಕೊಂಡರೂ ನಡೆಯುತ್ತದೆ.

ಆದರೆ ನುಡಿ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ ಮಾಡಿದ ಫೈಲ್‌ಗಳು ಯೂನಿಕೋಡ್‌ನಲ್ಲಿಲ್ಲ, ಅವನ್ನು ಪರಿವರ್ತಿಸಿಕೊಳ್ಳಬೇಕು. ಪೇಜ್‌ಮೇಕರ್, ಕೋರಲ್‌ಡ್ರಾ, ಫೋಟೊಶಾಪ್ ಮೇಲೆ ಜೀವನ ನಡೆಸುವ ಡಿಟಿಪಿ ಕೇಂದ್ರದವರು, ಟ್ಯಾಲಿಯಲ್ಲಿ ಲೆಕ್ಕ ಬರೆಯುವವರು ಇರುವ ಏಕೈಕ ಕಂಪ್ಯೂಟರನ್ನು ಲಿನಕ್ಸ್‌ಗೆ ಬದಲಿಸಬಾರದು. ಡಿಜಿಟಲ್ ಸಹಿಯ ಟೋಕನ್, ಬೆರಳಚ್ಚು ಯಂತ್ರ ಬಳಸುವವರು ಅವುಗಳಿಗೆ ಲಿನಕ್ಸ್ ಡ್ರೈವರ್ ಇದೆಯೇ ಎಂದು ಕೊಟ್ಟವರನ್ನೇ ಕೇಳಿ ಖಚಿತಪಡಿಸಿಕೊಳ್ಳಬೇಕು. ವಿದ್ಯಾರ್ಥಿ, ಶಿಕ್ಷಕ, ಬರಹಗಾರ, ನಿವೃತ್ತರು, ಪ್ರೋಗ್ರಾಮಿಂಗ್ ಕಲಿಯುವವರು ಇವರಿಗೆ ಮಾತ್ರ ಯಾವ ಅಳುಕೂ ಬೇಡ.

ಶಾಲೆಗಳಿಗೂ ಇದು ಸಾಧ್ಯ ಎಂಬುದನ್ನು ನಮ್ಮ ಪಕ್ಕದ ಕೇರಳ ತೋರಿಸಿದೆ. ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಕಂಪ್ಯೂಟರ್ ಕಲಿಯುವುದು ಲಿನಕ್ಸ್ ಮೇಲೆ. ರಾಜ್ಯದ ಸಂಸ್ಥೆಯೇ ಅದಕ್ಕೊಂದು ಆವೃತ್ತಿ ಸಿದ್ಧಪಡಿಸಿ ಕೊಡುತ್ತದೆ. ನಮ್ಮ ಹಳ್ಳಿ ಶಾಲೆಗಳಿಗೆ, ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ದಾನಿಗಳು ಕಂಪ್ಯೂಟರ್ ಕೊಡಿಸುವಾಗಲೂ ಇಲ್ಲಿ ಹೇಳಿದ ಕ್ರಮವನ್ನೇ ಹಿಡಿಯಬಹುದು. ಒಂದು ಹೊಸ ಬ್ರ್ಯಾಂಡೆಡ್ ಯಂತ್ರಕ್ಕೆ ಕೊಡುವ ದುಡ್ಡಿನಲ್ಲಿ ಪರೀಕ್ಷಿಸಿ ತಂದ ಒಂದಕ್ಕಿಂತ ಹೆಚ್ಚು ಯಂತ್ರಗಳು ಬರುತ್ತವೆ, ಅಷ್ಟು ಹೆಚ್ಚು ಮಕ್ಕಳಿಗೆ ಕುರ್ಚಿ ಸಿಗುತ್ತದೆ.

ಅಂಗಡಿಯವರು ತರಿಸುವುದು ಜನ ಕೇಳಿದ್ದನ್ನು. ಇಂದು ಬರುವ ಗಿರಾಕಿ ಕೇಳುವುದು ‘ಎಷ್ಟು ಜಿಬಿ?’, ‘ಲೈಟ್ ಇದೆಯಾ?’ ಎಂದು, ಹಾಗಾಗಿ ಜಿಟಿ 710, ದೀಪದ ಕ್ಯಾಬಿನೆಟ್, ಹೆಸರಿಲ್ಲದ ಎಸ್‌ಎಂಪಿಎಸ್ ರಾಶಿ ಬೀಳುತ್ತವೆ. ‘ಇದರ ಚಿಪ್ ಯಾವುದು, ಲಿನಕ್ಸ್‌ನಲ್ಲಿ ನಡೆಯುತ್ತಾ?’ ಎಂದು ಹತ್ತು ಜನ ಕೇಳಿದರೆ ಹನ್ನೊಂದನೆಯವರು ಬರುವಷ್ಟರಲ್ಲಿ ಉತ್ತರ ಸಿದ್ಧವಾಗಿರುತ್ತದೆ, ಅಂಥ ಭಾಗವೂ ಶೆಲ್ಫಿನಲ್ಲಿರುತ್ತದೆ. ಮುಂದಿನ ಸಲ ಕೊಟೇಶನ್ ಬರೆಸುವಾಗ ಈ ಪ್ರಶ್ನೆಯನ್ನು ಬೆಲೆ ಕೇಳುವುದಕ್ಕಿಂತ ಮೊದಲೇ ಕೇಳಿ.